ಕರಿಯದರ ಕೆಳಗೆ ಬಿಳಿಯದು

ಹೋದ ಶನಿವಾರ ಬಚ್ಚಲುಮನೆ ತೊಳೆಯುತ್ತಿದ್ದಾಗ ಕಿಟಕಿಯ ಅಂಚಿನಲ್ಲಿದ್ದ ಕಾಲುಜ್ಜುವ ಕಲ್ಲು ಕೈತಾಗಿ ಬಕೆಟ್ಟಿನೊಳಕ್ಕೆ ಬಿತ್ತು. ಬಿದ್ದ ರಭಸಕ್ಕೆ ಒಮ್ಮೆ ಒಳಗೆ ಹೋಗಿ, ಮತ್ತೆ ಮೇಲೆ ಬಂದು, ಸೋಪಿನ ನೊರೆಯ ನಡುವೆ ಏನೂ ಆಗದ ಹಾಗೆ ತೇಲುತ್ತಾ ನಿಂತಿತು. ಬೂದು ಬಣ್ಣದ, ಅಂಗೈಯಗಲದ, ಮೈತುಂಬ ತೂತುಗಳಿರುವ ಕಲ್ಲು. ಒಂದು ಬದಿ ಸವೆದು ನುಣುಪಾಗಿದೆ. ಸವೆಸಿದ್ದು ನಮ್ಮ ಮನೆಯವರ ಹಿಮ್ಮಡಿಗಳಲ್ಲ.

ಎತ್ತಿ ಮೂಸಿ ನೋಡಿದೆ. ಗಂಧದ ಸೋಪಿನ ವಾಸನೆ ಇನ್ನೂ ಒಂದು ಎಳೆ ಉಳಿದಿತ್ತೋ, ಅಥವಾ ಉಳಿದಿದೆ ಎಂದು ನಾನೇ ಅಂದುಕೊಂಡೆನೋ...

ಕಾಕು ಆ ಸೋಪು ಬಿಟ್ಟು ಬೇರೆ ಮುಟ್ಟಿದವರಲ್ಲ.

ಮ್ಯಾಕಲ್ಸ್‌ಫೀಲ್ಡಿನಲ್ಲಿ ನಮ್ಮದು ಜೋಡಿಮನೆ. ನಡುಗೋಡೆಯ ಆಚೆಗೆ ಅವರಿದ್ದರು. ನಾನು ಇಲ್ಲಿನ ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದವನು. ಎಲ್ಲೆಲ್ಲಿ ಏನೇನು ತಪ್ಪಾಗಬಹುದು ಎಂದು ಮೊದಲೇ ಯೋಚಿಸಿಡುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೆ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದನ್ನೇ ಬಿಟ್ಟಿ ಮಾಡುತ್ತೇನೆ ಎನ್ನುವುದು ನನ್ನ ಹೆಂಡತಿಯ ದೂರು. ಕಾಕು ಧಾರವಾಡದ ಕಡೆಯ ಲಿಂಗಾಯತರು. ಭೂವಿಜ್ಞಾನ ಓದಿ, ಹೆಚ್ಚಿನ ಸಂಶೋಧನೆಗೆಂದು ಲೀಡ್ಸ್‌ಗೆ ಬಂದು, ಇಲ್ಲೇ ನಿಂತು, ನಿವೃತ್ತಿಯಾಗುವವರೆಗೆ ಕಾಲೇಜು ಹುಡುಗರಿಗೆ ಕಲ್ಲಿನ ಪಾಠ ಹೇಳಿದವರು. ಗಂಡ ಹೋಗಿ ಬಹಳ ವರ್ಷಗಳಾಗಿದ್ದವು. ಲೆಸ್ಟರ್‌ನಲ್ಲಿದ್ದ ಭಾವನ ಮಗನೊಬ್ಬ ಆಗಾಗ ಬಂದು ಹೋಗುತ್ತಿದ್ದ. ಚಿಕ್ಕಮ್ಮನಿಗೆ ಅವರ ಕಡೆ ಹೇಳುವ ಹಾಗೆ ಅವನು ‘ಕಾಕು’ ಎಂದು ಕರೆಯುತ್ತಿದ್ದ, ನಾವೂ ಕರೆದೆವು. ಮೈಸೂರಿನವರಾದ ನಮ್ಮ ಬಾಯಲ್ಲಿ ಅದು ಮೊದಮೊದಲು ಬೇರೆಯವರ ಅಂಗಿ ಹಾಕಿಕೊಂಡ ಹಾಗಿತ್ತು.

ಅವರ ಕೊರಳಲ್ಲಿ ಸದಾ ಎರಡು ದಾರ. ಒಂದರಲ್ಲಿ ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ. ಇನ್ನೊಂದರಲ್ಲಿ ಕಲ್ಲು ನೋಡುವ ಪುಟ್ಟ ಭೂತಗನ್ನಡಿ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ನೀರೆರೆದು, ಆ ನೀರನ್ನು ಅಂಗೈಯಿಂದಲೇ ಕುಡಿದ ಮೇಲೆ ಅವರ ದಿನ ಶುರುವಾಗುತ್ತಿತ್ತು. ಆಮೇಲೂ ಅಷ್ಟೆ, ನಮ್ಮ ಮನೆಯಲ್ಲಿ ಚಹಾದ ಜೊತೆ ಒಂದು ಬಿಸ್ಕತ್ತು ಕೊಟ್ಟರೆ ಅದನ್ನು ಮೊದಲು ಕರಡಿಗೆಗೆ ಮುಟ್ಟಿಸಿ, ಆಮೇಲೆ ಬಾಯಿಗೆ. ನಮ್ಮ ಮಗಳು ಚಿಕ್ಕವಳಿದ್ದಾಗ ಅದನ್ನು ನೋಡಿ, ತಾನೂ ಚಿಪ್ಸನ್ನು ಎದೆಗೆ ಮುಟ್ಟಿಸಿಕೊಂಡು ತಿನ್ನುತ್ತಿದ್ದಳು. ಅಂಗಿಯೆಲ್ಲ ಎಣ್ಣೆ.

ಅವರ ನನ್ನ ಸ್ನೇಹ ಗಟ್ಟಿಯಾಗಿದ್ದು ಒಂದು ಜ್ವಾಲಾಮುಖಿಯಿಂದ.

ಆ ವರ್ಷ ಹೆಂಡತಿ ನನ್ನನ್ನು ಕೇಳದೆ ಮ್ಯಾಂಚೆಸ್ಟರ್‌ನಿಂದ ಟೆನರೀಫ್ ದ್ವೀಪಕ್ಕೆ ರಜೆಯ ಟಿಕೆಟ್ಟು ತೆಗೆದಿದ್ದಳು. ಕೇಳಿದ್ದರೆ ಟಿಕೆಟ್ಟೇ ಇರುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ಬಿಸಿಲು, ಸಮುದ್ರ, ಈಜುಕೊಳ ಎಂದು ಅವಳು ಹೇಳುತ್ತಿರುವಾಗ ನಾನು ದ್ವೀಪದ ನಡುವೆ ಎದ್ದು ನಿಂತ ಬೆಟ್ಟದ ಚಿತ್ರ ನೋಡುತ್ತಿದ್ದೆ. ತೇಯ್ದೆ ಅಂತ ಅದರ ಹೆಸರು, ಗಂಧ ತೇಯ್ದೆ ಅನ್ನುವ ಹಾಗೆ. ಹೆಸರಿನಲ್ಲಿ ತಂಪಿದೆ, ಹೊಟ್ಟೆಯಲ್ಲಿ ಬೆಂಕಿ. ಸತ್ತ ಜ್ವಾಲಾಮುಖಿಯಲ್ಲವಂತೆ, ಮಲಗಿರುವುದಂತೆ. ಮಲಗಿದ್ದು ಏಳುತ್ತದೆ ಎನ್ನುವುದಕ್ಕೆ ದೊಡ್ಡ ಓದು ಬೇಕೆ? ನನಗೆ ಊಟ ಸೇರದಾಯಿತು. ಟ್ರಾವೆಲ್ ಇನ್ಶೂರೆನ್ಸಿನ ಸಣ್ಣಕ್ಷರಗಳನ್ನೆಲ್ಲ ಓದಿದೆ. ಕಡೆಗೆ ಮಗಳೇ, “ಡ್ಯಾಡ್, ಜಸ್ಟ್ ಆಸ್ಕ್ ಕಾಕು,” ಎಂದಳು.

ಬೇಲಿಯ ಹತ್ತಿರ ನಿಂತು ಕೇಳಿದೆ. ಕಾಕು ಗುಲಾಬಿ ಗಿಡ ಸವರುತ್ತಿದ್ದರು. ಕತ್ತರಿ ಕೆಳಗಿಟ್ಟರು.

“ತೇಯ್ದೆ? ಆ ಗುಡ್ಡದ ಮ್ಯಾಲ ನಾ ಮಲಗಿ ಎದ್ದೀನೋ ತಮ್ಮಾ. ಲೀಡ್ಸ್‌ನ್ಯಾಗಿದ್ದಾಗ ನನ್ನ ಸಂಶೋಧನೆ ಅದ ಗುಡ್ಡದ ಮ್ಯಾಲ.”

“ಏಳುತ್ತಾ ಕಾಕೂ?”

“ಏಳತೈತಿ.”

ನನ್ನ ಮುಖ ನೋಡಿ ಅವರಿಗೆ ನಗು ಬಂತು. “ಇವತ್ತಲ್ಲೋ. ಬಾ ಒಳಗ.”

ಅಡುಗೆಮನೆಯ ಮೇಜಿನ ಮೇಲೆ ಅವರು ನನಗೆ ಆ ಬೆಟ್ಟವನ್ನು ಬಿಡಿಸಿ ತೋರಿಸಿದರು. ಚಿರೋಟಿ ಇದ್ದ ಹಾಗೆ ಅದು. ಒಮ್ಮೆ ಕರಗಿದ ಕಲ್ಲು ಹರಿದು ಒಂದು ಪದರು, ಒಮ್ಮೆ ಪುಡಿ ಉದುರಿ ಇನ್ನೊಂದು ಪದರು, ಹೀಗೆ ಲಕ್ಷಾಂತರ ವರ್ಷ. ಹಳೆಯದು ಅಡಿಯಲ್ಲಿ, ಹೊಸದು ಮೇಲೆ. ಆದ್ದರಿಂದ ಬೆಟ್ಟವನ್ನು ಓದಬೇಕಾದರೆ ಮೇಲಿನಿಂದ ಕೆಳಕ್ಕೆ ಓದಬೇಕು, ಮಗ್ಗಿಯನ್ನು ತಿರುಗುಮುರುಗು ಹೇಳುವ ಹಾಗೆ. ಗೊತ್ತಿಲ್ಲದ ದೆವ್ವಕ್ಕೆ ಹೆದರಿಕೆ ಜಾಸ್ತಿ, ಪರಿಚಯ ಮಾಡಿಕೋ ಎಂದರು. ಆರು ಪದ ಕೊಟ್ಟರು.

“ಕಿರೇದು, ಪಕ್ಕೀದು, ಬಂದರದ್ದು, ಕರೇದು, ಬಿಳೇದು, ತಗ್ಗು. ಹೇಳು.”

ಕಿರಿಯದು ಎಂದರೆ ತೀರ ಈಚಿನದು, ಕಳೆದ ಶತಮಾನದ ಆರಂಭದಲ್ಲಿ ಬೆಟ್ಟದಿಂದ ಸ್ವಲ್ಪ ದೂರದಲ್ಲಿ ನೆಲ ಸೀಳಿ ಬಂದ ಸಣ್ಣ ಬೆಂಕಿ. ಪಕ್ಕೆಯದು ಅದಕ್ಕಿಂತ ನೂರು ವರ್ಷ ಹಿಂದೆ, ಬೆಟ್ಟಕ್ಕೆ ಅಂಟಿಕೊಂಡ ಇನ್ನೊಂದು ಶಿಖರದ ಪಕ್ಕೆ ಒಡೆದು ಬಂದದ್ದು. ಬಂದರಿನದು ಇನ್ನೂ ಒಂದು ಶತಮಾನದ ಹಿಂದಿನದು. ಕರಗಿದ ಕಲ್ಲು ಇಳಿಜಾರಿನಲ್ಲಿ ಹರಿದು ಒಂದು ಬಂದರನ್ನೇ ತುಂಬಿಬಿಟ್ಟಿತ್ತು. ಜನಕ್ಕೆ ಓಡುವಷ್ಟು ಹೊತ್ತು ಸಿಕ್ಕಿತ್ತು, ಹಡಗುಗಳಿಗೆ ಮಾತ್ರ ಆಮೇಲೆ ನಿಲ್ಲಲು ಜಾಗವಿರಲಿಲ್ಲ. ಕರಿಯದು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಶಿಖರದಿಂದಲೇ ಉಕ್ಕಿದ್ದು; ಇವತ್ತಿಗೂ ಬೆಟ್ಟದ ಮೈಮೇಲೆ ಕರಿಯ ಗಾಜಿನ ನಾಲಿಗೆಗಳಂತೆ ಕಾಣುವುದು ಅದೇ. ಬಿಳಿಯದು ಸುಮಾರು ಎರಡು ಸಾವಿರ ವರ್ಷದ ಹಿಂದಿನದು. ಸಿಡಿದು ನೊರೆಯಾಗಿ ಉದುರಿದ ಮಾಸಲು ಬಿಳಿಯ ನೊರೆಗಲ್ಲು. ತಗ್ಗು ಎಲ್ಲಕ್ಕಿಂತ ಹಳೆಯದು. ತೇಯ್ದೆಗೂ ಮೊದಲು ಅಲ್ಲಿ ಇದ್ದ ಇನ್ನೊಂದು ದೊಡ್ಡ ಬೆಟ್ಟದ ತಲೆ ಕುಸಿದು ಹೋದಾಗ ಉಳಿದ ಹಳ್ಳ. ತೇಯ್ದೆ ಬೆಳೆದು ನಿಂತಿರುವುದು ಅದರೊಳಗೆ. ನಡುವೆ ಇನ್ನೂ ಸಣ್ಣಪುಟ್ಟವು ಬೇಕಾದಷ್ಟಿವೆ, ನಿನಗೆ ಆರು ಸಾಕು ಎಂದರು.

ನಾನು ಹೇಳಿದೆ. ಬಿಳಿಯದನ್ನು ಕರಿಯದಕ್ಕಿಂತ ಮೊದಲು ಹೇಳಿಬಿಟ್ಟೆ.

“ತಪ್ಪು. ಕರೇದು ಬಿಳೇದರ ಮ್ಯಾಲ ಬಿದ್ದೈತಿ. ಬಿಳೇದು ಕೆಳಗ. ಮ್ಯಾಲಿಂದ ಹೇಳು.”

ಅದೇ ಅವರ ಪಾಠದ ಕ್ರಮ. ತಪ್ಪಿದ ಜಾಗದಿಂದ ಮುಂದುವರಿಯುವ ಹಾಗಿಲ್ಲ, ಮೇಲಿನಿಂದ ಶುರು ಮಾಡಬೇಕು. ನಾನು ಅಷ್ಟಕ್ಕೇ ಬಿಡುವವನಲ್ಲವಲ್ಲ. ಈ ಸಿಡಿತಗಳ ನಡುವಿನ ವರ್ಷಗಳನ್ನು ಕೂಡಿ ಭಾಗಿಸಿ, ಮುಂದಿನದು ಯಾವಾಗ ಎಂದು ಲೆಕ್ಕ ಹಾಕಲು ಹೊರಟೆ. ಕಾಕು ಪೆನ್ನು ಕಸಿದುಕೊಂಡರು.

“ಸರಾಸರಿ ತಗೀಬ್ಯಾಡ. ಅದೇನು ಬಸ್ಸೇನು, ಟೈಮಿಗೆ ಬರಾಕ? ನೆಲ ನಡಗತೈತಿ, ಉಬ್ಬತೈತಿ, ಹೊಗಿ ವಾಸನಿ ಬದಲಾಗತೈತಿ. ಗುಡ್ಡ ಸಣ್ಣಗ ಹೇಳತೈತಿ. ಕೇಳವರು ಕೇಳಬೇಕು ಅಷ್ಟ.”

“ಯಾವಾಗಲೂ ಹೇಳುತ್ತಾ?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಹೆಚ್ಚಾಗಿ,” ಎಂದರು.

ಆ ಒಂದು ‘ಹೆಚ್ಚಾಗಿ’ಯನ್ನು ಕಟ್ಟಿಕೊಂಡು ನಾನು ಟೆನರೀಫ್‌ಗೆ ಹೋದೆ. ಮಗಳು ಈಜಿದಳು, ಹೆಂಡತಿ ಮಲಗಿ ಓದಿದಳು, ನಾನು ಬೆಟ್ಟದ ಕಡೆ ಮುಖ ಮಾಡಿ ಕೂತು ಆರು ಪದ ಹೇಳಿಕೊಂಡೆ. ಬೆಟ್ಟ ಏಳಲಿಲ್ಲ. ಬರುವಾಗ ಕಾಕುಗೆಂದು ಅಂಗಡಿಯಿಂದ ಕಾಲುಜ್ಜುವ ಕಲ್ಲೊಂದನ್ನು ತಂದೆ. ಅವರ ಬೆಟ್ಟದ ಒಂದು ತುಂಡು ಎಂದು ಹೆಮ್ಮೆಯಿಂದ ಕೊಟ್ಟೆ. ಕಾಕು ಭೂತಗನ್ನಡಿ ಕಣ್ಣಿಗೆ ಹಿಡಿದು, ಕಲ್ಲನ್ನು ಬೆಳಕಿಗೆ ತಿರುಗಿಸಿ ನೋಡಿದರು.

“ಇದು ಆ ಗುಡ್ಡದ್ದಲ್ಲೋ. ಬ್ಯಾರೆ ಎಲ್ಲಿಂದಲೋ ತರಿಸಿ ಮಾರಾಕತ್ತಾರ. ನಿನ್ನಂಥವ್ರು ಬರ್ತಾರಂತ ಗೊತ್ತೈತಿ ಅವ್ರಿಗೆ.”

ಆದರೂ ಇಟ್ಟುಕೊಂಡರು. ಹಿಮ್ಮಡಿಗೆ ಬಹಳ ಒಳ್ಳೆಯದಾಗಿದೆ ಎಂದು ಆಮೇಲೆ ನನ್ನ ಹೆಂಡತಿಗೆ ಹೇಳಿದ್ದರಂತೆ, ನನಗೆ ಹೇಳಲಿಲ್ಲ.

ಅದಾದ ಮೇಲೆ ಆ ಆರು ಪದ ನಮ್ಮಿಬ್ಬರ ನಡುವಿನ ಆಟವಾಯಿತು. ಕಸದ ಡಬ್ಬಿ ಹೊರಗಿಡುವಾಗ ಎದುರಾದರೆ ಅವರು “ಮ್ಯಾಲಿಂದ!” ಎನ್ನುತ್ತಿದ್ದರು, ನಾನು ಒಪ್ಪಿಸುತ್ತಿದ್ದೆ. ಕೆಲವೊಮ್ಮೆ ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ನನ್ನದು ತಪ್ಪುತ್ತಿದ್ದುದುಂಟು. ಅವರದು ಒಮ್ಮೆಯೂ ತಪ್ಪಿದ್ದಿಲ್ಲ.

ಒಮ್ಮೆ ತಪ್ಪಿತು.

ಆ ಸಲದ ಶಿವರಾತ್ರಿ ವಾರದ ಕೊನೆಗೆ ಬಂದಿತ್ತು. ಕಾರಿನಲ್ಲಿ ಒಂದೂವರೆ ಗಂಟೆ ದಾರಿಯ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಿ, ಅಲ್ಲಿಯ ಶಿವನಿಗೆ ಸಂಜೆಯ ಅಭಿಷೇಕ ಮಾಡಿಸಿ ಬರುವುದು ಎಂದು ಹೆಂಡತಿ ನಿರ್ಧರಿಸಿದಳು. ಕಾಕುವನ್ನೂ ಕರೆದಳು. “ನನ್ನ ದೇವ್ರು ಕೊರಳಾಗ ಅದಾನವ್ವಾ, ನನಗ್ಯಾಕ ಗುಡಿ?” ಎಂದರು ಅವರು. ಆಮೇಲೆ ದೇವಸ್ಥಾನದ ಹಿಂದಿನ ರೌಲಿ ಗುಡ್ಡಗಳ ನೆನಪಾಗಿ, ಆ ಕರಿಗಲ್ಲೂ ನೆಲದಡಿಯ ಬೆಂಕಿಯೇ, ಯಾವುದೋ ಕಾಲದಲ್ಲಿ ಮೇಲೆ ಬರಲು ಹೊರಟು ಒಳಗೇ ಆರಿ ಗಟ್ಟಿಯಾದದ್ದು, ಮಗಳಿಗೆ ತೋರಿಸುತ್ತೇನೆ ಎಂದು ಹೊರಟರು.

ಕಾರು ಹೆಂಡತಿ ಓಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ಹಿಂದೆ ಕಾಕು ಮತ್ತು ಮಗಳು. ನನ್ನ ಕಾಲಬುಡದಲ್ಲಿ ಪೂಜೆಯ ಬುಟ್ಟಿ. ಹಾಲು, ಮೊಸರು, ತುಪ್ಪ, ಸಕ್ಕರೆ, ಸೀಲು ಒಡೆಯದ ಜೇನಿನ ಬಾಟಲಿ, ಬಾಳೆಹಣ್ಣು, ಲೆಸ್ಟರ್‌ನಿಂದ ತರಿಸಿದ ಬಿಲ್ವಪತ್ರೆ. ದೊಡ್ಡವರು ಮೂವರದೂ ಉಪವಾಸ. ನನ್ನ ಕಾರಿನಲ್ಲಿ ಸದಾ ಒಂದು ಆಪತ್ಕಾಲದ ಚೀಲವಿರುತ್ತದೆ, ಅದರಲ್ಲಿ ಕಂಬಳಿ, ಟಾರ್ಚು, ಬಿಸ್ಕತ್ತು. ಅವತ್ತು ಬೆಳಿಗ್ಗೆ ಹೆಂಡತಿ ಬಿಸ್ಕತ್ತನ್ನು ತೆಗೆದಿಟ್ಟಿದ್ದಳು. ಉಪವಾಸದ ದಿನ ನನ್ನ ಮೇಲೆ ಅವಳಿಗೆ ನಂಬಿಕೆಯಿಲ್ಲ.

ಎಮ್‌ ಸಿಕ್ಸ್ ಹೆದ್ದಾರಿಯಲ್ಲಿ ಸ್ಟಾಫರ್ಡ್ ದಾಟಿದ ಮೇಲೆ ಎಲ್ಲ ನಿಂತುಬಿಟ್ಟಿತು. ಮುಂದೆಲ್ಲೋ ಲಾರಿ ಉರುಳಿದೆ ಎಂದು ರೇಡಿಯೋ ಹೇಳಿತು. ಎಡಕ್ಕೆ ಟ್ರಕ್ಕು, ಬಲಕ್ಕೆ ವ್ಯಾನು, ಮುಂದೆ ಕಣ್ಣು ಹರಿಯುವವರೆಗೆ ಕೆಂಪು ದೀಪ. ಜನ ಎಂಜಿನ್ ಆರಿಸಿದರು. ಹೊತ್ತು ಹೋಗಲಿ ಎಂದು ನಾನು ಹಿಂದೆ ತಿರುಗದೆಯೇ, “ಕಾಕೂ, ಮೇಲಿಂದ!” ಎಂದೆ.

“ಕಿರೇದು, ಪಕ್ಕೀದು, ಬಂದರದ್ದು, ಬಿಳೇದು, ಕರೇದು...”

ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ! ಇಷ್ಟು ವರ್ಷಕ್ಕೆ ಒಮ್ಮೆ ಸಿಕ್ಕಿಬಿದ್ದರು. “ತಪ್ಪು! ಮೇಲಿಂದ!” ಎಂದು ಅವರದೇ ಧಾಟಿಯಲ್ಲಿ ಕೂಗಿದೆ.

“ಏನ್ ತಪ್ಪು? ನೀ ನನಗ ಕಲಸ್ತೀಯೇನ? ಬಿಳೇದು, ಕರೇದು... ಬಂದರದ್ದು...”

ಧ್ವನಿ ಒರಟಾಗಿತ್ತು. ಕಾಕು ನನ್ನನ್ನು ಸಾವಿರ ಸಲ ಬೈದಿದ್ದರು, ಆದರೆ ಆ ಬೈಗುಳದಲ್ಲಿ ಯಾವಾಗಲೂ ಒಂದು ನಗು ಅಡಗಿರುತ್ತಿತ್ತು. ಇದರಲ್ಲಿ ಇರಲಿಲ್ಲ. ತಿರುಗಿ ನೋಡಿದೆ. ಫೆಬ್ರವರಿಯ ಚಳಿಯಲ್ಲಿ ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಕೈ ಕೊರಳಿನ ದಾರಗಳಲ್ಲಿ ಏನನ್ನೋ ಹುಡುಕುತ್ತಿತ್ತು. ಒಂದು ಸಿಕ್ಕಿತು, ಅದನ್ನು ಕಣ್ಣಿಗೆ ಹಿಡಿದು ಕಿಟಕಿಯ ಕಡೆ ನೋಡತೊಡಗಿದರು. ಹಿಡಿದದ್ದು ಭೂತಗನ್ನಡಿಯಲ್ಲ. ಕರಡಿಗೆ.

ನಾನು ಸೀಟುಬೆಲ್ಟು ಬಿಚ್ಚಿದೆ.

“ಏನೋ ಸರಿಯಿಲ್ಲ. ಕಾಕುಗೆ ಏನೋ ಆಗಿದೆ,” ಎಂದೆ.

“ಸೆಖೆ ಆಗ್ತಿರಬೇಕು ಅವರಿಗೆ, ಕಿಟಕಿ ಇಳಿಸಿ,” ಎಂದಳು ಹೆಂಡತಿ. “ನಿಮಗೆ ಎಲ್ಲದರಲ್ಲೂ ಭೂಕಂಪವೇ ಕಾಣಿಸೋದು.”

“ಡ್ಯಾಡ್, ಶೀ’ಸ್ ಜಸ್ಟ್ ಟೈರ್ಡ್,” ಎಂದಳು ಮಗಳು.

ತಾಯಿ ಮಗಳ ತಪ್ಪೇನಿಲ್ಲ. ಬಾಯ್ಲರ್ ಗುಟುರು ಹಾಕಿದರೆ, ಪೋಸ್ಟ್‌ಮನ್ ಎರಡು ದಿನ ಬರದಿದ್ದರೆ, ಮಗಳಿಗೆ ಒಂದು ಸೀನು ಬಂದರೆ, ಇದೇ ಧ್ವನಿಯಲ್ಲಿ ಇದನ್ನೇ ಹೇಳುತ್ತಿದ್ದವನು ನಾನು. ತೋಳ ಬಂತು ತೋಳ ಎಂದು ಕೂಗಿ ಕೂಗಿ ಮನೆಮಂದಿಯ ಕಿವಿ ಕೆಟ್ಟಿತ್ತು.

“ಕಾಕೂ, ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ತಗೊಂಡ್ರಾ?”

“ತಗೊಂಡೀನಿ.”

“ಏನಾದರೂ ತಿಂದು?”

“ಶಿವರಾತ್ರಿ ದಿನ ಏನ್ ತಿನ್ನೂದೋ? ಮಾತ್ರಿ ಊಟಲ್ಲ. ಮಾತ್ರೀಲೆ ಉಪಾಸ ಮುರಿಯೂದಿಲ್ಲ.”

ಎರಡೂ ಕಡೆ ಅವರು ಶಿಸ್ತಿನವರು. ಡಾಕ್ಟರು ಹೇಳಿದ ಮಾತ್ರೆಯನ್ನೂ ತಪ್ಪಿಸುವವರಲ್ಲ, ಶಿವರಾತ್ರಿಯ ಉಪವಾಸವನ್ನೂ ತಪ್ಪಿಸುವವರಲ್ಲ. ಹೊಟ್ಟೆಗೆ ಏನೂ ಇಲ್ಲದಾಗ ಆ ಮಾತ್ರೆ ಸುಮ್ಮನೆ ಕೂರುವುದಿಲ್ಲ. ರಕ್ತದಲ್ಲಿದ್ದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಮೊದಲು ಬೆವರು, ಸಿಟ್ಟು, ಗೊಂದಲ. ಆಮೇಲೆ ಪ್ರಜ್ಞೆ ತಪ್ಪುವುದು. ಆಮೇಲಿನದನ್ನು ನಾನು ಅಲ್ಲಿ ಯೋಚಿಸಲಿಲ್ಲ. ಜೀವನದಲ್ಲಿ ಯೋಚಿಸದೆ ಬಿಟ್ಟದ್ದು ಅದೊಂದೇ ಇರಬೇಕು.

“ನೈನ್ ನೈನ್ ನೈನ್‌ಗೆ ಫೋನ್ ಮಾಡು, ಆಂಬುಲೆನ್ಸ್ ಕರಿ,” ಎಂದೆ ಹೆಂಡತಿಗೆ. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಈ ಸಲ ವಾದ ಮಾಡಲಿಲ್ಲ. ಫೋನಿನ ಆಚೆಯ ಹೆಂಗಸು ರೋಗಿಗೆ ಗೊಂದಲವಿದೆಯೇ, ಹೇಗೆ ಗೊತ್ತಾಯಿತು ಎಂದು ಕೇಳಿದಳು. ಹೆಂಡತಿ ನನ್ನ ಕಡೆ ತಿರುಗಿದಳು.

“ಕರಿಯದಕ್ಕಿಂತ ಮೊದಲು ಬಿಳಿಯದು ಹೇಳ್ತಿದ್ದಾರೆ ಅನ್ನು!”

“ಅದನ್ನ ಇಂಗ್ಲಿಷಲ್ಲಿ ಹೇಗ್ರೀ ಹೇಳಲಿ?”

ನಾನು ಬುಟ್ಟಿಯಿಂದ ಜೇನಿನ ಬಾಟಲಿ ಕಿತ್ತುಕೊಂಡು ಬಾಗಿಲು ತೆಗೆದು ಕೆಳಗಿಳಿದೆ. ನಿಂತ ವಾಹನಗಳ ನಡುವೆಯಾದರೂ ಮೋಟಾರ್‌ವೇಯ ಮೇಲೆ ಕಾಲಿಟ್ಟವನು ನಾನು, ಖಾಲಿ ಬೀದಿಯನ್ನೂ ಎರಡೂ ಕಡೆ ಎರಡೆರಡು ಸಲ ನೋಡಿ ದಾಟುವವನು! ಹಿಂದಿನ ಬಾಗಿಲು ತೆಗೆದು ಕಾಕುವಿನ ಪಕ್ಕ ಮಂಡಿಯೂರಿದೆ. ಬಾಟಲಿಯ ಸೀಲನ್ನು ಹಲ್ಲಿನಲ್ಲಿ ಕಿತ್ತೆ.

“ಕಾಕೂ, ಬಾಯಿ ತೆಗೀರಿ.”

ಅವರು ಬಾಟಲಿಯನ್ನು ನೋಡಿದರು. ಬಾಯಿ ಬಿಗಿಯಾಯಿತು. ತಲೆ ಆ ಕಡೆ ತಿರುಗಿಸಿದರು. “ದೇವ್ರಿಗೆ ಇಟ್ಟದ್ದು. ಪೂಜಿ ಆಗಿಲ್ಲ... ಒಯ್ಯಿ.” ನನ್ನ ಕೈಯನ್ನು ತಳ್ಳಿದರು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಬಾಳೆಹಣ್ಣು ಸುಲಿದು ಹಿಡಿದೆ. ಅದೂ ದೇವರಿಗೆ ಇಟ್ಟದ್ದು. ಸಕ್ಕರೆಯೂ ದೇವರಿಗೆ ಇಟ್ಟದ್ದು. ಕಾರಿನೊಳಗೆ ಜೀವ ಉಳಿಸುವಂಥದ್ದು ಏನೇನಿತ್ತೋ ಅದಷ್ಟೂ ಆ ದಿನ ದೇವರ ಪಾಲಾಗಿತ್ತು. ಮಗಳು ಅಳುತ್ತಾ ತನ್ನ ಜೇಬಿನಿಂದ ಚೂಯಿಂಗ್ ಗಮ್ ತೆಗೆದು ಕೊಟ್ಟಳು. ಮೇಲೆ ಸಕ್ಕರೆ ಇಲ್ಲದ್ದು ಎಂದು ದೊಡ್ಡದಾಗಿ ಬರೆದಿತ್ತು.

ಮಾತು ತೊದಲತೊಡಗಿತ್ತು. ರೆಪ್ಪೆ ಇಳಿಯುತ್ತಿತ್ತು. ಬಲವಂತವಾಗಿ ಬಾಯಿಗೆ ಸುರಿದು ಗಂಟಲಿಗೆ ಸಿಕ್ಕಿಕೊಂಡರೆ... ಇನ್ನು ಸ್ವಲ್ಪ ಹೊತ್ತಿಗೆ ನುಂಗುವುದೂ ಆಗುವುದಿಲ್ಲ. ಹಿಂದಿನ ಕಾರಿನವನು ಗಾಜು ಇಳಿಸಿ ಏನಾಯಿತು ಎಂದು ಕೂಗುತ್ತಿದ್ದ. ಆಗ ಅವರ ಎದೆಯ ಮೇಲೆ ತೂಗುತ್ತಿದ್ದ ಕರಡಿಗೆ ಕಣ್ಣಿಗೆ ಬಿತ್ತು. ಅದಕ್ಕೆ ಮುಟ್ಟಿಸಿ ತಿನ್ನುತ್ತಿದ್ದ ಬಿಸ್ಕತ್ತು ನೆನಪಾಯಿತು.

ನಾನು ಅವರ ಪದ್ಧತಿಯವನಲ್ಲ. ಆ ಲಿಂಗವನ್ನು ಒಮ್ಮೆಯೂ ಮುಟ್ಟಿದವನಲ್ಲ, ಮುಟ್ಟಬಾರದೆಂದೂ ಗೊತ್ತಿತ್ತು. ಹತ್ತಿರ ಬಾಗಿ, ಸಾಧ್ಯವಾದಷ್ಟು ಮೆಲ್ಲಗೆ, ಅವರದೇ ಮಾತಿನಲ್ಲಿ ಹೇಳಿದೆ. “ಕಾಕೂ, ಪೂಜಿ ಹೊತ್ತಾತು. ಲಿಂಗ ತಗೀರಿ.”

ಆ ಮಾತು ತಲೆಗೆ ಹೋಯಿತೋ ಇಲ್ಲವೋ, ಕೈಗೆ ಹೋಯಿತು. ಅಷ್ಟು ವರ್ಷದ ಬೆಳಗುಗಳೆಲ್ಲ ಆ ಬೆರಳುಗಳಲ್ಲಿದ್ದವು. ಕರಡಿಗೆ ತೆರೆಯಿತು. ಲಿಂಗ ಎಡಗೈಗೆ ಬಂತು, ಅಂಗೈ ತಾನಾಗಿ ಬಟ್ಟಲಾಯಿತು. ನಾನು ಬಾಟಲಿ ಹಿಂಡಿದೆ. ಜೇನು ಲಿಂಗದ ಮೇಲೆ ಬಿದ್ದು, ಅಂಗೈ ತುಂಬಿ, ಬೆರಳಸಂದಿಯಿಂದ ಸೋರಿ ಸೀರೆಗೆ, ಸೀಟಿಗೆ ಇಳಿಯಿತು. ಮಂತ್ರ ನನಗೆ ಯಾವುದೂ ಬರಲಿಲ್ಲ. “ಶಿವ ಶಿವ” ಅಂದೆ, ಅದೂ ಭಯಕ್ಕೆ.

“ಪ್ರಸಾದ ತಗೋರಿ ಕಾಕೂ.”

ಅವರು ಅಂಗೈಯನ್ನು ತುಟಿಗೆ ಒಯ್ದರು. ನಾನು ಇನ್ನಷ್ಟು ಹಿಂಡಿದೆ. ಮತ್ತೆ ಒಯ್ದರು. ಫೋನಿನ ಆಚೆಯ ಹೆಂಗಸು ಹಲೋ ಹಲೋ ಎನ್ನುತ್ತಿದ್ದಳು. ಎಷ್ಟು ಹೊತ್ತು ಹಾಗೆ ಮಂಡಿಯೂರಿದ್ದೆನೋ... ಟಾರು ರಸ್ತೆಯ ಹರಳು ಮಂಡಿಗೆ ಒತ್ತುತ್ತಿದ್ದುದು ನೆನಪಿದೆ. ಬೆವರು ನಿಂತಿತು. ಕಣ್ಣು ಎಲ್ಲಿಂದಲೋ ಹಿಂದಿರುಗಿ ಬಂದು ನನ್ನ ಮುಖದ ಮೇಲೆ ನಿಂತಿತು. ನಾನು ಬಾಯಿ ಬಿಡುವ ಮೊದಲೇ ಅವರು ಮೆಲ್ಲಗೆ ಅಂದರು.

“ಕರೇದು. ಆಮ್ಯಾಲ ಬಿಳೇದು.”

ಆಮೇಲೆ ಅಂಗೈ ನೋಡಿಕೊಂಡು, “ಇದೇನೋ ಇಡೀ ಲಿಂಗ ಜಿಗಿಜಿಗಿ ಮಾಡಿ ಇಟ್ಟೀಯಲ್ಲೋ!” ಎಂದರು. ನನ್ನ ಹೆಂಡತಿ ಸ್ಟೀರಿಂಗಿಗೆ ಹಣೆಯಿಟ್ಟು ಅತ್ತಳು.

ಆಂಬುಲೆನ್ಸಿನವರು ದಾರಿ ಮಾಡಿಕೊಂಡು ಬಂದು ನೋಡುವ ಹೊತ್ತಿಗೆ ಕಾಕು ಅವರಿಗೆ ಸ್ಟಾಫರ್ಡಿನ ಕೆಂಪು ಮಣ್ಣಿನ ಬಗ್ಗೆ ಹೇಳುತ್ತಿದ್ದರು. ಆದರೂ ಆಸ್ಪತ್ರೆಗೆ ಕರೆದೊಯ್ದು ರಾತ್ರಿ ಇಟ್ಟುಕೊಂಡರು. ಟಿವಿಡೇಲ್‌ಗೆ ನಾವು ಹೋದದ್ದು ಯುಗಾದಿ ಕಳೆದ ಮೇಲೆ. “ಉಪಾಸ ಮುರೀತಲ್ಲೋ,” ಎಂದು ಅವರು ಆಮೇಲೊಮ್ಮೆ ಅಂದಾಗ, ಮುರಿಯಲಿಲ್ಲ, ಅದು ಪ್ರಸಾದ ಎಂದೆ. ಭೂತಗನ್ನಡಿ ಎತ್ತಿ ನನ್ನನ್ನೇ ನೋಡಿದರು. “ಶಾಣ್ಯಾ ಅದೀ. ಹೊರಗ ಕಾಣೂದಿಲ್ಲ.”

ಆವತ್ತಿನಿಂದ ಆಟ ಆಟವಾಗಿ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನಾನು ನಡುಗೋಡೆ ತಟ್ಟಿ “ಮೇಲಿಂದ!” ಎಂದು ಕೂಗುತ್ತಿದ್ದೆ. ಆಚೆಯಿಂದ ಆರು ಪದ ಬರುತ್ತಿತ್ತು. ಕೇಳಿಸಿಕೊಂಡು ಹೊರಡುತ್ತಿದ್ದೆ. ಅವರಿಗೆ ಇದು ತಮಾಷೆಯಾಗಿತ್ತೋ, ಕಾಟವಾಗಿತ್ತೋ... ಒಂದು ದಿನವೂ ಬೇಡವೆನ್ನಲಿಲ್ಲ. ಕ್ರಮ ಸರಿಯಿದ್ದರೆ ಕಾಕು ಸರಿಯಿದ್ದಾರೆ. ಜಗತ್ತಿನಲ್ಲಿ ನಾನು ಸಂಪೂರ್ಣ ನಂಬಿದ ಪರೀಕ್ಷೆ ಅದೊಂದೇ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹಿಡಿದು, ಎದೆಗಿಳಿದು, ಆಸ್ಪತ್ರೆ ಸೇರಿಸಿದರು. ನಾನು ಸಂಜೆ ನೋಡಲು ಹೋದೆ. ಮುಖಕ್ಕೆ ಆಕ್ಸಿಜನ್ ಮಾಸ್ಕು ಹಾಕಿದ್ದರು. ದಾರಗಳೆರಡೂ ಕೊರಳಲ್ಲಿದ್ದವು. ಹಾಸಿಗೆಯ ಪಕ್ಕ ಕೂತು, ಧೈರ್ಯ ಸಾಲದೆ ಸ್ವಲ್ಪ ಹೊತ್ತು ಹವಾಮಾನದ ಮಾತಾಡಿದೆ. ಕಡೆಗೆ ಕೇಳಿದೆ.

“ಮೇಲಿಂದ ಹೇಳ್ತೀರಾ ಕಾಕೂ?”

ಅವರು ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದರು. ನರ್ಸು ಗದರಿಸುವ ಮೊದಲು ಹೇಳಿ ಮುಗಿಸಿದರು. ಕಿರೇದು, ಪಕ್ಕೀದು, ಬಂದರದ್ದು, ಕರೇದು, ಬಿಳೇದು, ತಗ್ಗು. ಒಂದೂ ತಪ್ಪಲಿಲ್ಲ. ನಾನು ಹಗುರಾಗಿ ಮನೆಗೆ ಬಂದೆ. ಹೆಂಡತಿ ಕೇಳಿದಾಗ, ಎಲ್ಲ ಸರಿಯಾಗಿದೆ, ಏನೂ ಭಯವಿಲ್ಲ ಎಂದೆ. ನನ್ನ ಬಾಯಿಂದ ಆ ಮಾತು ಕೇಳಿ ಅವಳಿಗೆ ಆಶ್ಚರ್ಯವಾಯಿತು. ವಾರಗಳ ನಂತರ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಲೆಸ್ಟರ್‌ನ ಹುಡುಗ ಫೋನ್ ಮಾಡಿದ.

ಹೆಚ್ಚಾಗಿ, ಎಂದಿದ್ದರು ಅವರು. ಹೆಚ್ಚಾಗಿ ಹೇಳುತ್ತದೆ...

ಅವರಲ್ಲಿ ಕುಳ್ಳಿರಿಸಿ ಹೂಳುವ ಪದ್ಧತಿ. ಇಲ್ಲಿ ಅದು ಸಾಧ್ಯವಾಗಲಿಲ್ಲ. ಹಣೆಗೆ ವಿಭೂತಿ ಧರಿಸಿ, ಲಿಂಗವನ್ನು ಎಡಗೈಯಲ್ಲಿಟ್ಟು ಮಲಗಿಸಿದರು. ಗುಂಡಿಯ ಅಂಚಿನಲ್ಲಿ ನಿಂತು ನಾನು ಅಗೆದ ಮಣ್ಣಿನ ಗೋಡೆಯನ್ನು ನೋಡುತ್ತಿದ್ದೆ. ಮೇಲೆ ಹುಲ್ಲು, ಅದರ ಕೆಳಗೆ ಕರಿಮಣ್ಣು, ಅದರ ಕೆಳಗೆ ಯಾವುದೋ ಕಾಲದ ಹಿಮ ಎಳೆದು ತಂದು ಸುರಿದ ಕೆಂಪುಜೇಡಿ, ಅದರಲ್ಲಿ ಹುದುಗಿದ ಉರುಟುಗಲ್ಲುಗಳು. ಮೇಲಿನಿಂದ ಕೆಳಕ್ಕೆ ಓದಿದೆ. ಇನ್ನೊಮ್ಮೆ ಓದುವಷ್ಟರಲ್ಲಿ ಮುಚ್ಚತೊಡಗಿದರು.

ಮನೆ ಖಾಲಿ ಮಾಡುವಾಗ ಆ ಹುಡುಗ ಕಲ್ಲುಗಳನ್ನೆಲ್ಲ ಒಂದು ಕಾಲೇಜಿಗೆ ಕೊಟ್ಟ. ಇದೊಂದನ್ನು ನಮ್ಮ ಮನೆಗೆ ತಂದ. ಬಚ್ಚಲಲ್ಲಿ ಇತ್ತು, ನಿಮ್ಮದು ಅಂತ ಕಾಕು ಒಮ್ಮೆ ಹೇಳಿದ ನೆನಪು ಎಂದ. ಗೋಡೆಯ ಆಚೆ ಈಗ ಪುಟ್ಟ ಮಗುವಿರುವ ಒಂದು ಇಂಗ್ಲಿಷ್ ಸಂಸಾರವಿದೆ. ಒಳ್ಳೆಯ ಜನ. ಮೊದಮೊದಲು ಒಂದೆರಡು ಬೆಳಿಗ್ಗೆ ಅಭ್ಯಾಸಬಲದಿಂದ ಗೋಡೆ ತಟ್ಟಿಬಿಟ್ಟು, ಆಮೇಲೆ ಹೋಗಿ ಕ್ಷಮೆ ಕೇಳಿ ಬಂದಿದ್ದೆ.

ಶನಿವಾರ ಕಲ್ಲು ಬಕೆಟ್ಟಿನಲ್ಲಿ ತೇಲುತ್ತಿತ್ತು. ನೊರೆಗಲ್ಲು ಎಂದೆಂದಿಗೂ ತೇಲುವುದಿಲ್ಲ, ಒಂದೊಂದೇ ತೂತಿಗೆ ನೀರು ಸೇರಿ ಕಡೆಗೊಂದು ದಿನ ಮುಳುಗುತ್ತದೆ ಎಂದು ಅವರೇ ಹೇಳಿದ್ದರು. ಬಾಗಿಲು ಮುಂದೆ ಮಾಡಿ, ಬಕೆಟ್ಟಿನ ಮೇಲೆ ಬಾಗಿ ಹೇಳಿದೆ.

“ಕಿರಿಯದು, ಪಕ್ಕೆಯದು, ಬಂದರಿನದು, ಬಿಳಿಯದು, ಕರಿಯದು...”

ಬೇಕೆಂದೇ ತಪ್ಪು ಹೇಳಿದ್ದು. ಹೇಳಿ, ಕಾದೆ.

ನಲ್ಲಿಯಿಂದ ಒಂದು ಹನಿ ಬಿತ್ತು. ಕಲ್ಲು ಅಲ್ಲಾಡಿ ಮತ್ತೆ ನಿಂತಿತು.

“ಯಾರ ಜೊತೆ ಮಾತಾಡ್ತಿದ್ದೀರಿ?” ಎಂದು ಹೊರಗಿನಿಂದ ಹೆಂಡತಿ ಕೇಳಿದಳು.

“ಯಾರೂ ಇಲ್ಲ,” ಎಂದೆ.